ಮಳೆಗಾಲದಲ್ಲೂ ಗರಿಗರಿ: ಹಾಲು, ಮೊಟ್ಟೆ ಇಲ್ಲದ ರಾಗಿ–ಗೋಧಿ ವಾಫಲ್

ಹೋದ ಆಷಾಢದಲ್ಲಿ, ಮಡಿಕೇರಿಯ ಹೊರವಲಯದಲ್ಲಿರುವ ನಮ್ಮ ಹೋಂಸ್ಟೇಗೆ ಬಂದಿದ್ದ ದಂಪತಿ ತಿಂಡಿಯ ಮೇಜಿನ ಮುಂದೆ ಕುಳಿತು ‘ನಾವು ವೀಗನ್’ ಎಂದರು. ನಾನು ಗಾಬರಿಯಾಗಲಿಲ್ಲ. ಕಡಂಬುಟ್ಟು (ಅಕ್ಕಿ ತರಿಯ ಕಡುಬು), ನೂಪುಟ್ಟು (ಒತ್ತು ಶಾವಿಗೆ), ಅಕ್ಕಿ ಒಟ್ಟಿ (ಅಕ್ಕಿ ರೊಟ್ಟಿ), ಇವು ಯಾವುದಕ್ಕೂ ಹಾಲು ಬೇಡ, ಮೊಟ್ಟೆ ಬೇಡ. ಕುಂಬಳಕಾಯಿ ಪಲ್ಯದ ಜೊತೆ ನೂಪುಟ್ಟು ಬಡಿಸಿ ಗೆದ್ದೆನೆಂದುಕೊಳ್ಳುವಷ್ಟರಲ್ಲಿ ಅವರ ಏಳು ವರ್ಷದ ಮಗಳ ಕಣ್ಣು ಕಪಾಟಿನ ಮೇಲಿದ್ದ ವಾಫಲ್ ಮೇಕರ್ (ಎರಡು ಬಿಸಿ ತಟ್ಟೆಗಳ ನಡುವೆ ಹಿಟ್ಟು ಬೇಯಿಸಿ ಗುಳಿಗುಳಿಯ ಗರಿ ತಿಂಡಿ ಮಾಡುವ ಯಂತ್ರ) ಮೇಲೆ ಬಿತ್ತು.

ಮೈದಾದ ಜಾಗಕ್ಕೆ ಗೋಧಿ ಹಿಟ್ಟು, ಹಾಲಿನ ಜಾಗಕ್ಕೆ ತೆಂಗಿನ ಹಾಲು, ಮೊಟ್ಟೆಯ ಜಾಗಕ್ಕೆ ಏನೂ ಇಲ್ಲ. ಹಾಗೆ ಕಲಸಿ ಹುಯ್ದೆ. ಯಂತ್ರ ತೆರೆದಾಗ ವಾಫಲ್‌ನ ಅರ್ಧ ಮೇಲಿನ ತಟ್ಟೆಗೆ, ಅರ್ಧ ಕೆಳಗಿನ ತಟ್ಟೆಗೆ ಅಂಟಿಕೊಂಡಿತ್ತು. ನಮ್ಮ ಅತ್ತೆ ಇಣುಕಿ ನೋಡಿ, ‘ಕೆರೆದು ಒಗ್ಗರಣೆ ಹಾಕು, ಉಪ್ಪಿಟ್ಟು ಎಂದರೆ ನಂಬುತ್ತಾರೆ’ ಎಂದು ಒಳಗೆ ಹೋದರು.

ಆಮೇಲೆ ಆ ಮಳೆಗಾಲವಿಡೀ ಕೆಡಿಸಿ ಕೆಡಿಸಿ ಕಲಿತೆ. ವಾಫಲ್ ಎಂಬುದು ಪೂರ್ತಿ ನೀರಿನ ಲೆಕ್ಕ. ಹಿಟ್ಟು ಎಷ್ಟು ನೀರು ಕುಡಿಯುತ್ತದೆ, ಕಾವಿನಲ್ಲಿ ಎಷ್ಟು ನೀರು ಹೊರಗೆ ಹೋಗುತ್ತದೆ, ತಟ್ಟೆಗೆ ಬಂದ ಮೇಲೆ ಗಾಳಿಯಿಂದ ಎಷ್ಟು ಮರಳಿ ಬರುತ್ತದೆ ಎಂಬುದು ಗೊತ್ತಾದರೆ ಕೊಡಗಿನ ಮಳೆಯಲ್ಲೂ ವಾಫಲ್ ಗರಿಗರಿಯಾಗುತ್ತದೆ.

ಮೊದಲು ವೀಗನ್ ಅಂದರೆ ಏನೆಂದು ತಿಳಿದುಕೊಳ್ಳೋಣ, ಏಕೆಂದರೆ ನಮ್ಮ ಕಡೆ ಇದನ್ನು ಸಸ್ಯಾಹಾರ ಎಂದೇ ಭಾವಿಸುವವರು ಹೆಚ್ಚು. 1944ರಲ್ಲಿ ಇಂಗ್ಲೆಂಡಿನ ಡೊನಾಲ್ಡ್ ವಾಟ್ಸನ್ ಮತ್ತು ಸಂಗಡಿಗರು ‘ವೆಜಿಟೇರಿಯನ್’ ಪದದ ತಲೆ ಬಾಲಗಳನ್ನು ಜೋಡಿಸಿ ‘ವೀಗನ್’ ಎಂದು ಕರೆದರು. ಹಾಲು, ಮೊಸರು, ತುಪ್ಪ, ಮೊಟ್ಟೆ ಯಾವುದೂ ಇದರಲ್ಲಿ ಸಲ್ಲದು. ಜೇನೂ ಸಲ್ಲದು. ಭಾಗಮಂಡಲದ ಜೇನು ಮನೆಯಲ್ಲಿಟ್ಟುಕೊಂಡು ಅದನ್ನು ಬಡಿಸದೇ ಇರುವುದು ಕಷ್ಟವೇ, ಆದರೆ ಅತಿಥಿಯ ನೇಮ ಅತಿಥಿಯದು. ವಿಶ್ವ ವೀಗನ್ ದಿನ ನವೆಂಬರ್ 1, ಅಂದರೆ ನಮ್ಮ ರಾಜ್ಯೋತ್ಸವದಂದೇ. ಪೊಟ್ಟಣದ ಮೇಲೆ ಹಸಿರು ಚುಕ್ಕೆ ಇದೆ ಎಂದು ನೆಚ್ಚಿಕೊಳ್ಳಬೇಡಿ. ಹಾಲಿನ ಪುಡಿಗೂ ಅದೇ ಚುಕ್ಕೆ. ಅಂಗಡಿಯ ಸಿದ್ಧ ವಾಫಲ್ ಮಿಶ್ರಣಗಳಲ್ಲಿ ಹಾಲಿನ ಪುಡಿ ಇರುವುದು ಸಾಮಾನ್ಯ, ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಲೇಬೇಕು.

ಬೇಕಾಗುವ ಸಾಮಗ್ರಿ (ಆರರಿಂದ ಎಂಟು ವಾಫಲ್‌ಗೆ)

ಗೋಧಿ ಹಿಟ್ಟು 1 ಕಪ್, ರಾಗಿ ಹಿಟ್ಟು ಅರ್ಧ ಕಪ್, ಕೆಂಪಕ್ಕಿ ಹಿಟ್ಟು ಕಾಲು ಕಪ್. ಅಗಸೆ ಬೀಜದ ಪುಡಿ 2 ದೊಡ್ಡ ಚಮಚ, ಅದನ್ನು ನೆನೆಸಲು 6 ದೊಡ್ಡ ಚಮಚ ನೀರು. ಬೇಕಿಂಗ್ ಪೌಡರ್ 2 ಸಣ್ಣ ಚಮಚ, ಅಡುಗೆ ಸೋಡಾ ಕಾಲು ಸಣ್ಣ ಚಮಚ, ಉಪ್ಪು ಅರ್ಧ ಸಣ್ಣ ಚಮಚ. ಬೆಲ್ಲದ ಪುಡಿ 2 ದೊಡ್ಡ ಚಮಚ. ತೆಂಗಿನ ಹಾಲು ಒಂದೂವರೆ ಕಪ್. ತೆಂಗಿನೆಣ್ಣೆ 4 ದೊಡ್ಡ ಚಮಚ. ನಿಂಬೆರಸ 1 ದೊಡ್ಡ ಚಮಚ. ಎರಡು ಏಲಕ್ಕಿ. ಕಪ್ ಎಂದರೆ 240 ಮಿಲಿ ಲೀಟರಿನದು, ಕಾಫಿ ಲೋಟವಲ್ಲ.

ಹಿಟ್ಟಿನ ವಿಚಾರ

ಧಾನ್ಯದ ಮೇಲಿನ ಹೊಟ್ಟು, ಒಳಗಿನ ಮೊಳಕೆಯ ಭಾಗ, ಮಧ್ಯದ ಪಿಷ್ಟ, ಈ ಮೂರೂ ಸೇರಿದ್ದರೆ ಮಾತ್ರ ಇಡೀ ಧಾನ್ಯದ ಹಿಟ್ಟು. ಮೈದಾದಲ್ಲಿ ಮೊದಲಿನೆರಡು ಇರುವುದಿಲ್ಲ. ‘ಮಲ್ಟಿಗ್ರೇನ್’ ಎಂದು ದಪ್ಪ ಅಕ್ಷರದಲ್ಲಿ ಬರೆದದ್ದು ಬೇರೆಯೇ ಕಥೆ: ಅದರ ಅರ್ಥ ಹಲವು ಧಾನ್ಯ ಎಂದಷ್ಟೇ, ಇಡೀ ಧಾನ್ಯ ಎಂದಲ್ಲ. ಪೊಟ್ಟಣದ ಪಟ್ಟಿಯಲ್ಲಿ ಹೆಚ್ಚು ಇರುವುದು ಮೊದಲು ಬರುತ್ತದೆ. ಮೊದಲ ಹೆಸರೇ ಮೈದಾ ಆಗಿದ್ದರೆ ಮರಳಿ ಕಪಾಟಿನಲ್ಲಿಡಿ. ಗಿರಣಿಯಲ್ಲಿ ಬೀಸಿಸಿ, ಜರಡಿ ಹಿಡಿಯದ ಗೋಧಿ ಹಿಟ್ಟಿಗೆ ಸಮನಾದದ್ದಿಲ್ಲ. ಆದರೆ ಒಮ್ಮೆಗೆ ಎರಡು ಕಿಲೋಗಿಂತ ಹೆಚ್ಚು ಬೀಸಿಸಬೇಡಿ. ಮೊಳಕೆಯ ಭಾಗದಲ್ಲಿ ಎಣ್ಣೆಯ ಅಂಶ ಇರುವುದರಿಂದ ಇಂಥ ಹಿಟ್ಟು ಬೇಗ ಕಮಟುತ್ತದೆ.

ಗೋಧಿಯೊಂದನ್ನೇ ಹಾಕಿದರೆ ವಾಫಲ್ ಚಪಾತಿಯ ಹಾಗೆ ಜಗ್ಗುತ್ತದೆ. ರಾಗಿಯಲ್ಲಿ ಗ್ಲುಟೆನ್ (ಗೋಧಿ ಹಿಟ್ಟಿಗೆ ಜಗ್ಗು ಕೊಡುವ ಪ್ರೋಟೀನ್) ಇಲ್ಲದ ಕಾರಣ ಆ ಜಗ್ಗು ಮುರಿಯುತ್ತದೆ, ಬಣ್ಣವೂ ಬರುತ್ತದೆ. ಅಕ್ಕಿ ಹಿಟ್ಟು ಹೊರಮೈಗೆ ಗರಿ ಕೊಡುತ್ತದೆ. ನೀರು ದೋಸೆಯ ಅಂಚನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. ರಾಗಿಯನ್ನು ಮುಕ್ಕಾಲು ಕಪ್‌ಗೆ ಏರಿಸಿದರೆ ವಾಫಲ್ ಪುಡಿಪುಡಿಯಾಗುತ್ತದೆ, ನಾನು ಏರಿಸಿ ನೋಡಿ ಹೇಳುತ್ತಿದ್ದೇನೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಉಪ್ಪಿನ ಡಬ್ಬಿಯೇ ನೀರು ಬಿಡುತ್ತದೆ, ಹಿಟ್ಟು ಎಷ್ಟರ ಮಾತು! ಆದ್ದರಿಂದ ರಾಗಿ ಮತ್ತು ಅಕ್ಕಿ ಹಿಟ್ಟನ್ನು ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ನಾಲ್ಕು ನಿಮಿಷ ಕೈಯಾಡಿಸಿ ಹುರಿಯಿರಿ. ತೇವ ಹೋಗುತ್ತದೆ, ರಾಗಿಯ ಹಸಿ ವಾಸನೆಯೂ ಹೋಗುತ್ತದೆ. ಪೂರ್ತಿ ಆರಿದ ಮೇಲೆಯೇ ಮುಂದಿನ ಕೆಲಸ. ಬೇಕಿಂಗ್ ಪೌಡರ್‌ಗೂ ತೇವವೇ ಶತ್ರು. ಬಿಸಿ ನೀರಿಗೆ ಒಂದು ಚಿಟಿಕೆ ಹಾಕಿ ನೋಡಿ. ಬುಸ್ಸೆಂದು ಗುಳ್ಳೆ ಎದ್ದರೆ ಸರಿ, ಸುಮ್ಮನೆ ಮುಳುಗಿದರೆ ಹೊಸ ಡಬ್ಬಿ ತನ್ನಿ.

ಮೊಟ್ಟೆಯ ಕೆಲಸ ಯಾರು ಮಾಡಬೇಕು?

ಮೊಟ್ಟೆ ಹಿಟ್ಟನ್ನು ಕಟ್ಟಿಹಿಡಿಯುತ್ತದೆ, ಉಬ್ಬಿಸುತ್ತದೆ. ಕಟ್ಟುವ ಕೆಲಸವನ್ನು ಅಗಸೆ ಬೀಜಕ್ಕೆ ವಹಿಸಬಹುದು. ಬೀಜದ ಸಿಪ್ಪೆಯಲ್ಲಿರುವ ಅಂಟು ನೀರು ಸೋಕಿದರೆ ಲೋಳೆಯಾಗುತ್ತದೆ. ಒಂದು ಮೊಟ್ಟೆಯ ಬದಲಿಗೆ ಒಂದು ದೊಡ್ಡ ಚಮಚ ಪುಡಿ, ಮೂರು ಚಮಚ ನೀರು. ಹತ್ತು ನಿಮಿಷ ಬಿಟ್ಟರೆ ಚಮಚದಿಂದ ಎಳೆಯಾಗಿ ಇಳಿಯುತ್ತದೆ. ಬೀಜವನ್ನು ಪುಡಿ ಮಾಡದೆ ಇಡಿಯಾಗಿ ಹಾಕಿದರೆ ಕಟ್ಟಿಕೊಳ್ಳುವುದಿಲ್ಲ. ಪುಡಿಯನ್ನು ಆಗಾಗ ಸ್ವಲ್ಪ ಸ್ವಲ್ಪವೇ ಮಾಡಿಕೊಳ್ಳಿ. ಬಾಳೆಹಣ್ಣನ್ನು ಕಿವುಚಿ ಹಾಕಿ ಎನ್ನುವವರಿದ್ದಾರೆ. ಹಾಕಬಹುದು, ಆದರೆ ಹಣ್ಣಿನ ನೀರು ಮತ್ತು ಸಕ್ಕರೆ ಸೇರಿ ವಾಫಲ್ ಹೊರಗೆ ಬೇಗ ಕಪ್ಪಾಗಿ ಒಳಗೆ ಮೆತ್ತಗೆ ಉಳಿಯುತ್ತದೆ. ಬಾಳೆಹಣ್ಣು ಮೇಲೆ ಇಡುವುದಕ್ಕೇ ಚೆನ್ನ.

ಉಬ್ಬಿಸುವ ಕೆಲಸ ಸೋಡಾ ಮತ್ತು ಹುಳಿಯದು. ಎರಡೂ ಕೂಡಿದರೆ ಇಂಗಾಲದ ಡೈಆಕ್ಸೈಡ್ ಹುಟ್ಟಿ ಹಿಟ್ಟಿನೊಳಗೆ ಗುಳ್ಳೆಗಳಾಗುತ್ತವೆ. ನಿಂಬೆ ಸಿಗದ ದಿನ ಒಮ್ಮೆ ಅರ್ಧ ಸಣ್ಣ ಚಮಚ ಕಾಚಂಪುಳಿ, ಅಂದರೆ ಕೊಡಗಿನ ಕಪ್ಪು ಹುಳಿ, ಹಾಕಿದ್ದೆ. ಹಂದಿ ಸಾರಿನ ಹುಳಿಯನ್ನು ವೀಗನ್ ತಿಂಡಿಗೆ ಹಾಕಿದ್ದಕ್ಕೆ ಮನೆಯವರೆಲ್ಲ ನಕ್ಕರು, ಆದರೆ ಅದು ಹಣ್ಣಿನ ರಸವನ್ನು ಕಾಯಿಸಿ ಇಂಗಿಸಿದ್ದು ತಾನೇ. ವಾಫಲ್ ಚೆನ್ನಾಗಿಯೇ ಉಬ್ಬಿತು. ರಾಗಿಯ ಬಣ್ಣದಲ್ಲಿ ಅದರ ಕಪ್ಪು ಗೊತ್ತೂ ಆಗಲಿಲ್ಲ.

ಕಲಸುವ ಕ್ರಮ

1. ಅಗಸೆ ಪುಡಿಯನ್ನು ನೀರಿನಲ್ಲಿ ನೆನೆಹಾಕಿ.

2. ಹಿಟ್ಟುಗಳು, ಬೇಕಿಂಗ್ ಪೌಡರ್, ಉಪ್ಪು, ಕುಟ್ಟಿದ ಏಲಕ್ಕಿಯನ್ನು ಅಗಲ ಪಾತ್ರೆಯಲ್ಲಿ ಬೆರೆಸಿ. ಸೋಡಾ ಈಗ ಬೇಡ.

3. ಒಂದು ತೆಂಗಿನಕಾಯಿಯ ದಪ್ಪ ಹಾಲು ಅರ್ಧ ಕಪ್, ಎರಡನೆಯ ಸಲ ಹಿಂಡಿದ ತೆಳು ಹಾಲು ಒಂದು ಕಪ್ ತೆಗೆದು ಉಗುರುಬೆಚ್ಚಗೆ ಮಾಡಿ ಬೆಲ್ಲ ಕರಗಿಸಿ, ಸೋಸಿ. ಪೂರ್ತಿ ದಪ್ಪ ಹಾಲನ್ನೇ ಬಳಸಿದರೆ ಎಣ್ಣೆಯನ್ನು ಎರಡು ಚಮಚಕ್ಕೆ ಇಳಿಸಿ.

4. ಹಾಲಿಗೆ ಅಗಸೆ ಲೋಳೆ, ಎಣ್ಣೆ ಸೇರಿಸಿ. ಹಾಲು ಬೆಚ್ಚಗಿರಬೇಕೆಂದು ಸುಮ್ಮನೆ ಹೇಳಲಿಲ್ಲ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ, ನಮ್ಮ ಅಡುಗೆಮನೆ ಡಿಸೆಂಬರ್ ಬೆಳಿಗ್ಗೆ ಅದಕ್ಕಿಂತ ಎಷ್ಟೋ ತಣ್ಣಗಿರುತ್ತದೆ. ತಣ್ಣನೆಯ ಹಾಲಿಗೆ ಸುರಿದರೆ ಎಣ್ಣೆ ಮೇಣದ ಹರಳಿನಂತೆ ತೇಲುತ್ತದೆ.

5. ಒಣ ಹಿಟ್ಟಿಗೆ ಈ ದ್ರವವನ್ನು ಹುಯ್ದು ಹತ್ತು ಹದಿನೈದು ಸುತ್ತು ತಿರುಗಿಸಿ, ನಿಲ್ಲಿಸಿ. ಅಲ್ಲಲ್ಲಿ ಸಣ್ಣ ಗಂಟು ಉಳಿದರೆ ಉಳಿಯಲಿ. ದೋಸೆ ಹಿಟ್ಟಿನಂತೆ ಬಡಿದರೆ ಗೋಧಿಯ ಗ್ಲುಟೆನ್ ಬಲಿತು ವಾಫಲ್ ರಬ್ಬರಾಗುತ್ತದೆ.

6. ಮುಚ್ಚಿ ಇಪ್ಪತ್ತು ನಿಮಿಷ ಬಿಡಿ. ಇದನ್ನು ತಪ್ಪಿಸಬೇಡಿ. ಹೊಟ್ಟು ನೀರು ಕುಡಿಯುವುದು ನಿಧಾನ. ಕುಡಿಯುವ ಮೊದಲೇ ಕಾವಿಗೆ ಹಾಕಿದರೆ ಹೊರಗೆ ಹಸಿ ಅಂಟು, ಒಳಗೆ ಮರಳು. ನನ್ನ ಮೊದಲ ಉಪ್ಪಿಟ್ಟಿನ ಗುಟ್ಟು ಇದೇ ಆಗಿತ್ತು. ಇಪ್ಪತ್ತು ನಿಮಿಷದ ಮೇಲೆ ಹಿಟ್ಟು ಇಡ್ಲಿ ಹಿಟ್ಟಿನ ಹದದಲ್ಲಿರಬೇಕು. ಗಟ್ಟಿಯಾಗಿದ್ದರೆ ಎರಡು ಚಮಚ ತೆಳು ಹಾಲು ಸಾಕು.

7. ಯಂತ್ರ ಕಾದ ಮೇಲೆ ಸೋಡಾ ಉದುರಿಸಿ, ನಿಂಬೆರಸ ಹಿಂಡಿ, ಮೂರು ನಾಲ್ಕು ಸಲ ಮೆಲ್ಲಗೆ ಮಗುಚಿ. ಆ ಗುಳ್ಳೆಗಳು ಕಾಯುವುದಿಲ್ಲ, ತಕ್ಷಣ ಹುಯ್ಯಿರಿ.

ಕಾವು ಮತ್ತು ಆವಿ

ಯಂತ್ರವನ್ನು ಐದು ನಿಮಿಷವಾದರೂ ಕಾಯಿಸಿ, ಎರಡೂ ತಟ್ಟೆಗಳಿಗೆ ಎಣ್ಣೆ ಸವರಿ. ಅಭ್ಯಾಸಬಲದಿಂದ ಕೈ ತುಪ್ಪದ ಡಬ್ಬಿಗೆ ಹೋಗುವುದು ಇಲ್ಲೇ, ಎಚ್ಚರ. ಹಿಟ್ಟನ್ನು ನಡುವಿಗೆ ಹುಯ್ದು ಮುಚ್ಚಿದರೆ ಅದೇ ಅಂಚಿಗೆ ಹರಡುತ್ತದೆ.

ಈಗ ಬದಿಯಿಂದ ಆವಿ ದಟ್ಟವಾಗಿ ಬರುತ್ತದೆ. ಮೊದಲ ನಾಲ್ಕು ನಿಮಿಷ ಮುಚ್ಚಳ ಎತ್ತಿ ನೋಡುವ ಆಸೆಯನ್ನು ತಡೆದುಕೊಳ್ಳಿ, ಎತ್ತಿದರೆ ಸೀಳುತ್ತದೆ. ಯಂತ್ರದ ಹಸಿರು ದೀಪವನ್ನು ನಂಬಬೇಡಿ. ಅದು ಸಾಮಾನ್ಯವಾಗಿ ತಟ್ಟೆ ಕಾದಿದೆ ಎಂದಷ್ಟೇ ಹೇಳುತ್ತದೆ, ವಾಫಲ್ ಬೆಂದಿದೆ ಎಂದಲ್ಲ. ಇಡೀ ಧಾನ್ಯದ್ದಕ್ಕೆ ಆರೇಳು ನಿಮಿಷ ಬೇಕು. ಆವಿ ಸಣ್ಣಗಾಗಿ ನಿಂತಿತು ಎಂದರೆ ಹೋಗಬೇಕಾದ ನೀರು ಹೋಗಿದೆ ಎಂದು ತಿಳಿಯಿರಿ. ಅದರ ಮೇಲೆ ಇನ್ನೊಂದು ನಿಮಿಷ ಬಿಟ್ಟು ಮುಚ್ಚಳ ಎತ್ತಿ. ಬೆಂದ ವಾಫಲ್ ತಾನೇ ಬಿಡಿಸಿಕೊಳ್ಳುತ್ತದೆ. ಬಿಡದಿದ್ದರೆ ಬೆಂದಿಲ್ಲ, ಮತ್ತೆ ಮುಚ್ಚಿ. ಲೋಹದ ಚಮಚದಿಂದ ಕೆರೆದರೆ ತಟ್ಟೆಯ ಲೇಪ ಹೋಗುತ್ತದೆ, ಮರದ ಕಡ್ಡಿ ಬಳಸಿ.

ಕೊಡಗಿನಲ್ಲಿ ಇನ್ನೊಂದು ತೊಡಕಿದೆ: ಮರ ಬಿದ್ದು ಕರೆಂಟ್ ಹೋಗುವುದು. ಮನೆಬಳಕೆಯ ವಾಫಲ್ ಮೇಕರ್ ಸಾಮಾನ್ಯವಾಗಿ 750ರಿಂದ 1000 ವ್ಯಾಟ್ ಎಳೆಯುತ್ತದೆ. ದೀಪ, ಫ್ಯಾನ್‌ಗೆಂದು ಹಾಕಿಸಿದ ಇನ್ವರ್ಟರ್‌ಗೆ ಅದನ್ನು ಜೋಡಿಸಿದರೆ ಮನೆಯೆಲ್ಲ ಕತ್ತಲು, ನಾನು ಮಾಡಿದ್ದೇನೆ. ಅದಕ್ಕೆ ಗ್ಯಾಸ್ ಒಲೆಯ ಮೇಲಿಡುವ, ಹಿಡಿಯಿರುವ ಎರಕದ ಕಬ್ಬಿಣದ ವಾಫಲ್ ಅಚ್ಚು ಕೊಂಡೆ. ಇದೇನೂ ಹೊಸದಲ್ಲ. ಅಮೆರಿಕದಲ್ಲಿ ಒಲೆಯ ಮೇಲಿಡುವ ವಾಫಲ್ ಅಚ್ಚಿಗೆ ಕಾರ್ನೀಲಿಯಸ್ ಸ್ವಾರ್ಟ್‌ವೌಟ್ ಎಂಬಾತ ಪೇಟೆಂಟ್ ಪಡೆದದ್ದು 1869ರಲ್ಲಿ. ಎರಡೂ ಬದಿ ಚೆನ್ನಾಗಿ ಕಾಯಿಸಿ, ಹಿಟ್ಟು ಹುಯ್ದು, ಮಧ್ಯಮ ಉರಿಯಲ್ಲಿ ಬದಿಗೆ ಮೂರು ಮೂರು ನಿಮಿಷ. ನಿಜ ಹೇಳಬೇಕೆಂದರೆ ಕರೆಂಟಿನದ್ದಕ್ಕಿಂತ ಇದರ ಗರಿಯೇ ಹೆಚ್ಚು.

ತೆಗೆದ ವಾಫಲನ್ನು ತಟ್ಟೆಯಲ್ಲಿಡಬೇಡಿ, ಒಂದರ ಮೇಲೊಂದು ಪೇರಿಸಲೇಬೇಡಿ. ಅದರದೇ ಆವಿ ಅಡಿಯಲ್ಲಿ ನೀರಾಗಿ ಎರಡು ನಿಮಿಷದಲ್ಲಿ ಮೆತ್ತಗಾಗುತ್ತದೆ. ತಂತಿಯ ಜಾಲರಿಯ ಮೇಲೆ ಬಿಡಿಬಿಡಿಯಾಗಿ ಇಡಿ. ಜಾಲರಿ ಇಲ್ಲದಿದ್ದರೆ ಮೊರದ ಮೇಲೆ ಇಡಬಹುದು.

ಮೇಲೆ ಏನು?

ಅರ್ಧ ಕಪ್ ಬೆಲ್ಲಕ್ಕೆ ಕಾಲು ಕಪ್ ನೀರು ಹಾಕಿ ಕುದಿಸಿ, ಸೋಸಿ, ಮತ್ತೆ ಐದು ನಿಮಿಷ ಕಾಯಿಸಿ. ಎಳೆ ಪಾಕ ಬರುವವರೆಗೆ ಬೇಡ. ಉರಿ ಆರಿಸಿದ ಮೇಲೆ ಎರಡು ಕೊಡಗಿನ ಕಿತ್ತಳೆಯ ರಸ ಹಿಂಡಿ. ಉರಿಯ ಮೇಲೆ ಹಿಂಡಿದರೆ ಪರಿಮಳ ಆವಿಯಾಗಿಬಿಡುತ್ತದೆ. ನಮ್ಮ ಕಿತ್ತಳೆಯ ಹುಳಿ ಇಲ್ಲಿ ಬೆಲ್ಲದ ಸಿಹಿಯನ್ನು ಹದಕ್ಕೆ ತರುತ್ತದೆ, ಜೇನಿನ ನೆನಪೂ ಬರುವುದಿಲ್ಲ. ಕುಡಿಯಲು ಬೆಲ್ಲದ ಕರಿ ಕಾಫಿ. ಕೊಡಗಿನ ಹಿರಿಯರು ಯಾವ ಹೆಸರೂ ಇಡದೆ ಕುಡಿದುಕೊಂಡು ಬಂದ ವೀಗನ್ ಪಾನೀಯ ಅದು.

ಖಾರದ್ದು ಬೇಕೆನ್ನುವವರು ಬೆಲ್ಲ, ಏಲಕ್ಕಿ ಬಿಟ್ಟು ತರಿತರಿಯಾಗಿ ಕುಟ್ಟಿದ ಕರಿಮೆಣಸು, ಸಣ್ಣಗೆ ಹೆಚ್ಚಿದ ಹಸಿಮೆಣಸು, ಕರಿಬೇವು ಹಾಕಲಿ. ಈರುಳ್ಳಿ ಹಾಕಬೇಡಿ, ನೀರು ಬಿಡುತ್ತದೆ. ಇದಕ್ಕೆ ಕಳಲೆ ಸಾರು ಅಥವಾ ಅಣಬೆ ಸಾರು ಜೊತೆ. ನಮ್ಮ ಅತ್ತೆ ಇದನ್ನು ಮೊದಲ ಸಲ ತಿಂದಾಗ, ‘ಒಟ್ಟಿಯೇ ಮೇಲು. ಆದರೆ ಈ ಗುಳಿಗಳಲ್ಲಿ ಸಾರು ಚೆನ್ನಾಗಿ ನಿಲ್ಲುತ್ತದೆ’ ಎಂದರು. ಅವರ ಬಾಯಿಂದ ಇಷ್ಟು ಬಂದದ್ದೇ ದೊಡ್ಡದು.

ಉಳಿದವನ್ನು ಪೂರ್ತಿ ಆರಿಸಿ ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ಫ್ರಿಜ್‌ನಲ್ಲಿ ಎರಡು ದಿನ ಇರುತ್ತವೆ. ಮತ್ತೆ ಬಿಸಿ ಮಾಡಲು ಮೈಕ್ರೋವೇವ್ ಬೇಡ, ಅದರಲ್ಲಿ ತೊಗಲಿನಂತಾಗುತ್ತವೆ. ಎಣ್ಣೆ ಹಾಕದ ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ ಬದಿಗೆ ಎರಡು ನಿಮಿಷ ಇಟ್ಟರೆ ಗರಿ ಮರಳುತ್ತದೆ. ಕಲಸಿದ ಹಿಟ್ಟನ್ನು ಮಾತ್ರ ಮರುದಿನಕ್ಕೆ ಇಡಬೇಡಿ. ಸೋಡಾದ ಶಕ್ತಿ ಅಷ್ಟರಲ್ಲಿ ಮುಗಿದಿರುತ್ತದೆ. ಉಳಿದೇಬಿಟ್ಟರೆ ಅಂದೇ ಕಾವಲಿಗೆ ಹುಯ್ದು ದೋಸೆ ಮಾಡಿ.