ಗೋಡೆ ಕಲಿಸಿದ ಪಾಠ: ಭಿತ್ತಿಚಿತ್ರ ಉತ್ಸವದಲ್ಲಿ ನನ್ನ ಅನುಭವ

ನಗರದ ಭಿತ್ತಿಚಿತ್ರ ಉತ್ಸವವೊಂದರಲ್ಲಿ ನನ್ನ ಪಾಲಿಗೆ ಬಂದದ್ದು ಮೂರು ಅಂತಸ್ತಿನ ವಸತಿ ಕಟ್ಟಡದ ಪಕ್ಕದ ಗೋಡೆ. ಸೂಜಿಗೆ ದಾರ ಪೋಣಿಸುತ್ತಿರುವ ಎರಡು ಕೈಗಳ ಚಿತ್ರವನ್ನು, ಆಯೋಜಕರು ಕಳುಹಿಸಿದ್ದ ಫೋಟೊ ನೋಡಿಕೊಂಡು ಮೊದಲೇ ಸಿದ್ಧಪಡಿಸಿದ್ದೆ. ಸ್ಥಳಕ್ಕೆ ಹೋಗಿ ಗೋಡೆಯ ಮೇಲೆ ಅಂಗೈ ಆಡಿಸಿದಾಗ ಹಳೆಯ ಬಣ್ಣ ಹಿಟ್ಟಿನಂತೆ ಕೈಗೆ ಮೆತ್ತಿಕೊಂಡಿತು. ಅಂತಹ ಗೋಡೆಗೆ ಎಷ್ಟು ಒಳ್ಳೆಯ ಬಣ್ಣ ಬಳಿದರೂ ಅದು ಅಂಟುವುದು ಆ ಪುಡಿಗೇ ಹೊರತು ಗೋಡೆಗಲ್ಲ. ಹಾಗಾಗಿ ಹತ್ತು ದಿನಗಳ ಅವಧಿಯಲ್ಲಿ ಮೊದಲ ಮೂರು ದಿನ ತಂತಿ ಬ್ರಷ್‌ನಿಂದ ಉಜ್ಜಿ, ತೊಳೆದು, ಒಣಗಲು ಬಿಟ್ಟು, ಪ್ರೈಮರ್ ಹಚ್ಚುವುದರಲ್ಲೇ ಕಳೆದವು.

ಕೆಳಭಾಗದಲ್ಲಿ ಬಿರುಕು ಮುಚ್ಚಲು ಒಂದು ವಾರದ ಹಿಂದಷ್ಟೇ ಸಿಮೆಂಟ್ ಗಾರೆ ಮಾಡಿಸಿದ್ದರು. ಹೊಸ ಗಾರೆಗೆ ಬಣ್ಣ ಹಚ್ಚುವ ಮುನ್ನ ಸುಮಾರು 28 ದಿನ ಬಿಡುವುದು ರೂಢಿ. ಅದರೊಳಗಿನ ಕ್ಷಾರಕ್ಕೆ ಕೆಲವು ವರ್ಣದ್ರವ್ಯಗಳು ಮಂಕಾಗುತ್ತವೆ. ಉತ್ಸವದ ದಿನಾಂಕ ಅಷ್ಟು ಕಾಯುವಂತಿರಲಿಲ್ಲವಾದ್ದರಿಂದ, ಕ್ಷಾರ ತಡೆಯುವ ಪ್ರೈಮರ್ ಹಚ್ಚಿ, ಆ ಭಾಗಕ್ಕೆ ಕಬ್ಬಿಣದ ಆಕ್ಸೈಡಿನಿಂದಾದ ಕೆಮ್ಮಣ್ಣು ಮತ್ತು ಕಾವಿ ಬಣ್ಣಗಳನ್ನಷ್ಟೇ ಬಳಸಿದೆ. ಅವು ಕ್ಷಾರಕ್ಕೂ ಬಿಸಿಲಿಗೂ ಜಗ್ಗುವುದಿಲ್ಲ.

ಚಿತ್ರವನ್ನು ಗೋಡೆಗೆ ಇಳಿಸಲು ನಾನು ಚೌಕಗಳನ್ನು ಎಳೆಯುವುದಿಲ್ಲ. ಗೋಡೆಯ ತುಂಬ ಅಕ್ಷರ, ಸೊನ್ನೆ, ಮೀನು ಎಂದು ಮನಬಂದಂತೆ ಗೀಚಿ, ಅದರ ಫೋಟೊ ತೆಗೆದು, ಫೋನಿನಲ್ಲಿ ವಿನ್ಯಾಸವನ್ನು ಅದರ ಮೇಲೆ ತೆಳುವಾಗಿ ಕೂರಿಸಿಕೊಳ್ಳುತ್ತೇನೆ. ಹೆಬ್ಬೆರಳಿನ ಉಗುರು ಮೀನಿನ ಬಾಲದ ಪಕ್ಕದಲ್ಲಿದೆಯೆಂದು ತಿಳಿದರೆ ಸಾಕು, ಸಾರುವೆಯ ಮೇಲೆ ಗೋಡೆಗೆ ಮೂಗು ತಾಗುವಷ್ಟು ಹತ್ತಿರ ನಿಂತಾಗಲೂ ದಾರಿ ತಪ್ಪುವುದಿಲ್ಲ. ಆದರೂ ಐದನೆಯ ದಿನ ಕೆಳಗಿಳಿದು ನೋಡಿದಾಗ ಮೇಲಿನ ಕೈ ಮೊಂಡಾಗಿ ಕಂಡಿತು. ಬೀದಿಯಿಂದ ತಲೆಯೆತ್ತಿ ನೋಡುವವರಿಗೆ ಮೇಲ್ಭಾಗ ಕುಗ್ಗಿ ಕಾಣುತ್ತದೆ ಎಂಬುದು ಗೊತ್ತಿದ್ದೂ ಮರೆತಿದ್ದೆ. ಬೆರಳುಗಳನ್ನು ಒಂದೊಂದು ಗೇಣು ಉದ್ದ ಮಾಡಬೇಕಾಯಿತು.

ಮಧ್ಯಾಹ್ನದ ಬಿಸಿಲಿನಲ್ಲಿ ರೋಲರ್‌ನ ಒಂದು ಪಟ್ಟಿಗೆ ಮತ್ತೊಂದನ್ನು ಕೂಡಿಸುವಷ್ಟರಲ್ಲಿ ಮೊದಲನೆಯದು ಒಣಗಿ ಗೆರೆ ಮೂಡುತ್ತಿತ್ತು. ಆದ್ದರಿಂದ ನಸುಕಿನಲ್ಲೇ ಆರಂಭಿಸಿ, ನೆರಳು ಸರಿದಂತೆ ನಾವೂ ಸರಿಯುತ್ತಿದ್ದೆವು.

ಆರು ತಿಂಗಳ ನಂತರ ಹೋದಾಗ ಕೆಳಗಿನ ಮಣಿಕಟ್ಟಿನ ಮೇಲೆ ಅಂಗೈಯಗಲ ಬಿಳಿ ಉಪ್ಪು ಹೊಮ್ಮಿತ್ತು. ಗೋಡೆಯ ಹಿಂದೆ ನೀರಿನ ಪೈಪ್ ಸೋರುತ್ತಿದೆಯೆಂದು ಅಲ್ಲಿಯ ನಿವಾಸಿಯೊಬ್ಬರು ಆಗ ಹೇಳಿದರು. ತೊಳೆದರೆ ಉಪ್ಪು ಕರಗಿ ಮತ್ತೆ ಗಾರೆಯೊಳಗೆ ಇಳಿಯುವುದರಿಂದ ಒಣ ಬ್ರಷ್‌ನಿಂದಲೇ ಉದುರಿಸಿ ಬಂದೆ. ಪೈಪ್ ಇನ್ನೂ ರಿಪೇರಿಯಾಗಿಲ್ಲ; ಹಾಗಾಗಿ ಎತ್ತಿಟ್ಟ ಕಾವಿ ಬಣ್ಣದ ಡಬ್ಬಿಯ ಮುಚ್ಚಳವನ್ನು ನಾನೂ ತೆರೆದಿಲ್ಲ.