ಗುಜರಿ ಕೀಬೋರ್ಡಿನ ಬೋರ್ಡಿನಿಂದ ಡ್ಯಾನ್ಸ್ ಪ್ಯಾಡ್: ನನ್ನ ಅನುಭವ

"ಎಂತ ಮಾರಾಯಾ, ಕೀಬೋರ್ಡ್ ಬೋರ್ಡಿಗೆ ಸೋಲ್ಡರ್ ಹಿಡಿಯುತ್ತದಾ? ಹಿಡಿದರೂ ಮೂರು ಕೀ ಒಟ್ಟಿಗೆ ಒತ್ತಿದರೆ ನಾಲ್ಕನೆಯದು ತಾನೇ ಒತ್ತಿಕೊಳ್ಳುತ್ತದೆ. ಸುಮ್ನೆ ಒಂದು ಆರ್ಡುಯಿನೊ ಕಂಟ್ರೋಲರ್ ಬೋರ್ಡ್ ತಗೋ." ನಮ್ಮ ಡೊಂಬಿವಲಿಯ ಗೆಳೆಯರೆಲ್ಲ ಇದೇ ರಾಗ ಹಾಡಿದರು. ಈಗ ಅದೇ ಪ್ಯಾಡ್ ಮೇಲೆ ಅವರ ಮಕ್ಕಳು ಭಾನುವಾರ ಸರತಿ ನಿಂತು ಕುಣಿಯುತ್ತಾರೆ. ಒಂದು ಮಳೆಗಾಲವನ್ನೂ ದಾಟಿದೆ. ಆದ್ದರಿಂದ ಬರೆಯುವ ಹಕ್ಕು ನನಗೆ ಬಂದಿದೆ ಅಂದುಕೊಳ್ಳುತ್ತೇನೆ.

ಆಟ ಯಾವುದು ಎಂದು ನಿಮಗೆ ಗೊತ್ತಿರಬಹುದು. ಹಾಡಿನ ಜತೆ ಪರದೆಯ ಮೇಲೆ ಬಾಣಗಳು ಬರುತ್ತವೆ, ಕಾಲಡಿಯ ಪ್ಯಾಡಿನಲ್ಲಿ ಅದೇ ಬಾಣ ತುಳಿಯಬೇಕು. ಜಪಾನಿನ ಕೊನಾಮಿ ಕಂಪನಿ 1998ರಲ್ಲಿ ಆರ್ಕೇಡ್‌ಗೆ ತಂದ ಡ್ಯಾನ್ಸ್ ಡ್ಯಾನ್ಸ್ ರೆವಲ್ಯೂಷನ್. ಮನೆಯಲ್ಲಿ ನಾವು ಆಡುವುದು ಸ್ಟೆಪ್‌ಮೇನಿಯಾ, ಅದೇ ಬಗೆಯ ಕಂಪ್ಯೂಟರ್ ಆಟ. ಅದು ಪುಕ್ಕಟೆ, ಯಾವ ಕೀಯನ್ನು ಯಾವ ಬಾಣಕ್ಕೆ ಬೇಕಾದರೂ ಕೊಡಬಹುದು. ನನ್ನ ಉಪಾಯ ಪೂರ್ತಿ ನಿಂತಿರುವುದು ಆ ಒಂದು ಸೌಲಭ್ಯದ ಮೇಲೆ: ಬಟನ್ನಿನ ಜಾಗದಿಂದ ವೈರ್ ಎಳೆದು ಕಾಲಡಿಯ ತಗಡಿಗೆ ಜೋಡಿಸುವುದು.

ಶುರುವಿನಲ್ಲಿ ಹಳೆಯ ಯುಎಸ್‌ಬಿ ಗೇಮ್‌ಪ್ಯಾಡ್ ಬಿಚ್ಚಿದೆ. ಗ್ರಾಂಟ್ ರೋಡ್ ಸ್ಟೇಷನ್ನಿನಿಂದ ಲ್ಯಾಮಿಂಗ್ಟನ್ ರೋಡಿಗೆ ಹೋಗುವಾಗ ಫುಟ್‌ಪಾತಿನಲ್ಲಿ ಸಿಕ್ಕ ಮಾಲು. ಎಡ, ಬಲ, ಮೇಲೆ, ಕೆಳಗೆ ಇರುವ ಪ್ಲಸ್ ಆಕಾರದ ಬಟನ್ನಿಗೇ ವೈರ್ ಎಳೆದೆ. ಒಂದೊಂದೇ ಹೆಜ್ಜೆ ಇಟ್ಟಾಗ ಎಲ್ಲ ಸರಿ. ಎಡ ಬಲ ಎರಡನ್ನೂ ಒಟ್ಟಿಗೆ ತುಳಿಯುವ ಜಂಪ್ ಬಂದರೆ ಮಾತ್ರ ಎರಡೂ ಮಾಯ. ಅಂಥ ಪ್ಯಾಡ್‌ಗಳಲ್ಲಿ ಎಡ ಬಲ ಎಂದರೆ ಒಂದೇ ಅಕ್ಷದ ಎರಡು ತುದಿ. ಎರಡನ್ನೂ ಒತ್ತಿದರೆ ಲೆಕ್ಕ ಸೊನ್ನೆಯಾಗುತ್ತದೆ. ಅದರ ಬದಲು 1, 2, 3, 4 ಎಂದು ಬರೆದಿರುವ ಬಟನ್‌ಗಳಿಗೆ ಹಾಕಿದರೆ ಕೆಲಸ ನಡೆಯುತ್ತದೆ. ಆದರೆ ನನಗೆ ಸಿಕ್ಕಿದ್ದು ಕಂದು ಬಣ್ಣದ ಸೋವಿ ಬೋರ್ಡು. ಐರನ್ ಸ್ವಲ್ಪ ಜಾಸ್ತಿ ಹೊತ್ತು ಇಟ್ಟರೆ ತಾಮ್ರವೇ ಕಿತ್ತು ಬರುತ್ತಿತ್ತು. ಅಂಥವು ಎರಡು ಮೂರು ಕಸದ ಬುಟ್ಟಿ ಸೇರಿದವು.

ಆಮೇಲೆ ಕೀಬೋರ್ಡಿಗೆ ಬಂದೆ. ನಾನು ಹಗಲು ಯುಪಿಎಸ್ ರಿಪೇರಿ ಮಾಡುವವನು. ಆಫೀಸುಗಳವರು ಬಿಸಾಡುವ ಕೀಬೋರ್ಡ್ ಕಣ್ಣಿಗೆ ಬೀಳುತ್ತಲೇ ಇರುತ್ತವೆ. ಭಂಗಾರ್‌ವಾಲನ, ಅಂದರೆ ಗುಜರಿಯವನ ಹತ್ತಿರ ಒಂದಕ್ಕೆ ಇಪ್ಪತ್ತೋ ಮೂವತ್ತೋ ರೂಪಾಯಿ. ಯುಎಸ್‌ಬಿ ಇರುವುದನ್ನೇ ಆರಿಸಿ. ದುಂಡು ಪಿನ್ನಿನದು ತಂದರೆ ಕನ್ವರ್ಟರ್ ದುಡ್ಡಿನಲ್ಲಿ ನಾಲ್ಕು ಕೀಬೋರ್ಡ್ ಬರುತ್ತವೆ.

ಒಳಗಿನ ಪುಟ್ಟ ಬೋರ್ಡಿನಲ್ಲಿ ಪ್ಲಾಸ್ಟಿಕ್ ಹಾಳೆ ಬಂದು ಕೂರುವ ಕಪ್ಪು ಪಟ್ಟಿಗಳ ಸಾಲು ಇರುತ್ತದೆ, ಸುಮಾರು ಇಪ್ಪತ್ತಾರು. ಒಂದು ಗುಂಪಿನಲ್ಲಿ ಎಂಟು, ಇನ್ನೊಂದರಲ್ಲಿ ಹದಿನೆಂಟು. ಕಪ್ಪಾಗಿ ಕಾಣುವುದು ಕಾರ್ಬನ್. ಅದಕ್ಕೆ ಸೋಲ್ಡರ್ ಹಿಡಿಯುವುದಿಲ್ಲ, ಗೆಳೆಯರು ಹೇಳಿದ್ದು ಅಷ್ಟರ ಮಟ್ಟಿಗೆ ನಿಜ. ಬ್ಲೇಡಿನಲ್ಲಿ ಕೆರೆದರೆ ಕಾರ್ಬನ್ ಜತೆಗೆ ತಾಮ್ರವೂ ತೆಳ್ಳಗಾಗುತ್ತದೆ. ನಾನು ಕಾರ್ಬನ್ನಿನ ತಂಟೆಗೇ ಹೋಗಲಿಲ್ಲ. ಅಲ್ಲಿಂದ ಚಿಪ್ ಕಡೆಗೆ ಹೋಗುವ ತಾಮ್ರದ ಗೆರೆ ಹಿಡಿದು, ಮೂರು ನಾಲ್ಕು ಮಿಲಿಮೀಟರ್ ಹಸಿರು ಬಣ್ಣ ಮಾತ್ರ ಕೆರೆದೆ. ಫ್ಲಕ್ಸ್ ಹಚ್ಚಿ, 25 ವಾಟ್ ಐರನ್ನಿನಲ್ಲಿ ಮೊದಲು ತವರ ಲೇಪಿಸಿ, ಆಮೇಲೆ ಮೊದಲೇ ತವರ ಹಚ್ಚಿಟ್ಟ ವೈರ್ ತಂದು ಮುಟ್ಟಿಸುವುದು. ಎರಡು ಸೆಕೆಂಡಿನ ಮೇಲೆ ಐರನ್ ಅಲ್ಲಿರಬಾರದು. ಹಿಡಿಯಲಿಲ್ಲ ಎಂದರೆ ಬಿಟ್ಟು, ಆರಿದ ಮೇಲೆ ಮತ್ತೆ.

ಒತ್ತದ ಕೀ ತಾನೇ ಒತ್ತಿಕೊಳ್ಳುವ ಭೂತದ ಕೀ ಸಮಸ್ಯೆಗೆ ನನ್ನ ಪರಿಹಾರವೇ ಈ ಬರಹದ ಜೀವ. ಕೀಬೋರ್ಡಿನ ಪ್ರತಿ ಕೀಯೂ ಒಂದು ಅಡ್ಡ ಗೆರೆ, ಒಂದು ಉದ್ದ ಗೆರೆ ಸೇರುವ ಜಾಗ. ಮೂರು ಕೀಗಳು ಚೌಕದ ಮೂರು ಮೂಲೆಯಲ್ಲಿ ಬಿದ್ದಾಗ ಮಾತ್ರ ನಾಲ್ಕನೆಯದು ಸುಳ್ಳು ಹೇಳುತ್ತದೆ. ನಾಲ್ಕೂ ಬಾಣಗಳನ್ನು ಒಂದೇ ಗೆರೆಯ ಮೇಲೆ ಇಟ್ಟರೆ ಚೌಕ ಎಲ್ಲಿಂದ ಬರಬೇಕು? ನಾಲ್ಕನ್ನೂ ಒಟ್ಟಿಗೆ ತುಳಿದರೂ ನಾಲ್ಕೇ ಬರುತ್ತವೆ. ಕೀಬೋರ್ಡಿನ ನಿಜವಾದ ಬಾಣದ ಕೀಗಳೇ ಬೇಕು ಎಂದು ಹಟ ಹಿಡಿದವರು ಇಲ್ಲೇ ಸೋಲುವುದು. ನನ್ನ ಪ್ಯಾಡ್ ಕಂಪ್ಯೂಟರಿಗೆ ಕಳಿಸುವುದು ಯಾವುದೋ ನಾಲ್ಕು ಅಕ್ಷರ. ಸ್ಟೆಪ್‌ಮೇನಿಯಾಕ್ಕೆ ಅದರಿಂದ ಏನೂ ಬೇಜಾರಿಲ್ಲ.

ಅಂಥ ಗೆರೆ ಹುಡುಕುವುದು ಸುಲಭ. ಬೋರ್ಡನ್ನು ಯುಎಸ್‌ಬಿಗೆ ಸಿಕ್ಕಿಸಿ, ನೋಟ್‌ಪ್ಯಾಡ್ ತೆರೆದು, ಎಂಟರ ಗುಂಪಿನ ಒಂದು ಪಟ್ಟಿಗೆ ವೈರ್ ಒತ್ತಿ ಹಿಡಿದು, ಅದರ ಇನ್ನೊಂದು ತುದಿಯಿಂದ ಹದಿನೆಂಟರ ಗುಂಪನ್ನು ಒಂದೊಂದಾಗಿ ಮುಟ್ಟುತ್ತಾ ಹೋಗಿ. ಬಂದ ಅಕ್ಷರ ಬರೆದುಕೊಳ್ಳಿ. ವಿಂಡೋಸ್ ಕೀಯೋ, ಕ್ಯಾಪ್ಸ್ ಲಾಕೋ ಬಂದರೆ ಅದನ್ನು ಬಿಡಿ. ಒಂದೇ ಗೆರೆಯಲ್ಲಿ ನಾಲ್ಕು ಅಕ್ಷರದ ಜತೆ ಎಂಟರ್ ಕೀಯೂ ಸಿಗುವ ಬೋರ್ಡ್ ಉಂಟು. ಅದು ಯಾವ ಮಾಡೆಲ್ ಎಂದು ಹೇಳಿದರೆ ಭಂಗಾರ್‌ವಾಲ ರೇಟ್ ಏರಿಸುತ್ತಾನೆ, ಆದ್ದರಿಂದ ಬೇಡ.

ವೈರ್ ವಿಷಯ. ಮೊದಲು ಲ್ಯಾನ್ ಕೇಬಲ್ಲಿನ ವೈರ್ ಹಾಕಿದ್ದೆ. ಒಳಗೆ ಒಂದೇ ಗಟ್ಟಿ ತಂತಿ, ಕುಣಿತದ ಅದುರಿಗೆ ಸೋಲ್ಡರ್ ಬುಡದಲ್ಲೇ ಪಟಕ್ಕಂತ ತುಂಡಾಗುತ್ತಿತ್ತು. ಹಳೆಯ ಹಾರ್ಡ್‌ಡಿಸ್ಕಿನ ನಲವತ್ತು ಎಳೆಯ ಚಪ್ಪಟೆ ಕೇಬಲ್ ಇದೆಯಲ್ಲ, ಅದರಿಂದ ಐದು ಎಳೆ ಸೀಳಿಕೊಂಡೆ. ಮೆತ್ತಗಿದೆ. ಮೇಲೆ ಗ್ಲೂ ಗನ್ನಿನ ಗೋಂದು ಸುರಿದ ಮೇಲೆ ಇವತ್ತಿನವರೆಗೆ ಒಂದೂ ಬಿಟ್ಟಿಲ್ಲ.

ಪ್ರತಿ ಬಾಣಕ್ಕೂ ಮೇಲೊಂದು ಕೆಳಗೊಂದು ತಗಡು, ತುಳಿದಾಗ ಎರಡೂ ಮುಟ್ಟಬೇಕು. ಈ ತಗಡಿಗೆ ಅಲ್ಯೂಮಿನಿಯಂ ತಂದು ದುಡ್ಡು ಕಳೆದೆ. ಸೋಲ್ಡರ್ ಹಿಡಿಯುವುದಿಲ್ಲ ಎಂದು ಸ್ಕ್ರೂ ಹಾಕಿ ಬಿಗಿದರೆ, ಮುಂಬೈ ಹವೆಗೆ ಸ್ಕ್ರೂ ಬುಡದಲ್ಲಿ ಬಿಳಿ ಪುಡಿ ಕೂತು ಸಂಪರ್ಕ ತಪ್ಪುತ್ತಿತ್ತು. ಉತ್ತರ ಸಿಕ್ಕಿದ್ದು ಮಾಟುಂಗದಲ್ಲಿ, ನಮ್ಮೂರಿನವರ ಹೋಟೆಲಿನ ಹಿಂಬಾಗಿಲಲ್ಲಿ. ಹದಿನೈದು ಕಿಲೋ ಎಣ್ಣೆ ಡಬ್ಬ! ತವರ ಲೇಪಿಸಿದ ಕಬ್ಬಿಣದ ತಗಡು. ಸಾಧಾರಣ ಸೋಲ್ಡರ್ ಅದರ ಮೇಲೆ ದೋಸೆ ಕಾವಲಿ ಮೇಲಿನ ಬೆಣ್ಣೆಯ ಹಾಗೆ ಹರಡುತ್ತದೆ. ಒಂದು ಡಬ್ಬದ ನಾಲ್ಕು ಬದಿಯಲ್ಲಿ ನಾಲ್ಕು ಬಾಣದ ಅಡಿ ತಗಡು, ಇನ್ನೊಂದರಲ್ಲಿ ಮೇಲಿನವು. ಸೋಪಿನ ನೀರಲ್ಲಿ ಜಿಡ್ಡು ತೆಗೆದು ಎಮರಿ ಕಾಗದ ಉಜ್ಜಿ. ಕತ್ತರಿಸಿದ ಅಂಚಿಗೆ ತುಕ್ಕು ಬರುತ್ತದೆ, ಅಲ್ಲಿಗೆ ಮಗಳ ನೇಲ್ ಪಾಲಿಶ್. ಅಡಿಯ ನಾಲ್ಕೂ ತಗಡು ಒಂದೇ ಸಾಮಾನ್ಯ ವೈರಿಗೆ, ಮೇಲಿನವು ಬೇರೆ ಬೇರೆ.

ಎರಡು ತಗಡಿನ ನಡುವೆ ಬಾಗಿಲಿಗೆ ಹಚ್ಚುವ ಫೋಮ್ ಪಟ್ಟಿ ಇಟ್ಟೆ. ವಾರವೊಂದರಲ್ಲಿ ಅದು ಹಪ್ಪಳವಾಯಿತು, ಬಾಣ ಸದಾ ಒತ್ತಿಕೊಂಡೇ ಇರುತ್ತಿತ್ತು. ಈಗ ಇಟ್ಟಿರುವುದು ಬೇರೆ ವಸ್ತು. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುವುದಲ್ಲ, ಚಪ್ಪಲಿ ರಿಪೇರಿಯವರ ಹತ್ತಿರ ಕೇಳಿ ನೋಡಿ. ದಪ್ಪ ಎಷ್ಟು, ಎಲ್ಲಿ ಅಂಟಿಸಿದೆ ಎಂಬುದು ನನ್ನಲ್ಲೇ ಇರಲಿ.

ನಡುವೆ ಒಂದು ಹುಚ್ಚು ಪ್ರಯೋಗ. ಹಳೆಯ ಅಲಾರಂಗಳ ಪಿಯಜೊ ಬಿಲ್ಲೆ ತೆಗೆದು ಅದನ್ನೇ ಸೆನ್ಸರ್ ಮಾಡಿದೆ. ತುಳಿದ ಕ್ಷಣ ಚುರುಕಾಗಿ ಸಿಗ್ನಲ್ ಬಂತು, ಖುಷಿಯಾಯಿತು. ಆದರೆ ಪಿಯಜೊ ಒತ್ತಡ ಬದಲಾದಾಗ ಮಾತ್ರ ವೋಲ್ಟೇಜ್ ಕೊಡುತ್ತದೆ. ಕಾಲು ಊರಿ ನಿಲ್ಲಬೇಕಾದ ಉದ್ದ ಬಾಣ ಬಂದರೆ ಅದಕ್ಕೆ ಕಾಲು ಇರುವುದೇ ಗೊತ್ತಾಗುವುದಿಲ್ಲ. ಆ ಬಿಲ್ಲೆಗಳು ಈಗ ಮಗಳ ಉಕುಲೆಲೆಗೆ ಪಿಕಪ್ ಆಗಿವೆ. ಅದು ಬೇರೆಯೇ ಕತೆ.

ಖರ್ಚು ನೆನಪಿದ್ದಷ್ಟು ಹೇಳುತ್ತೇನೆ. ಮೂರಡಿ ಚೌಕದ ಪ್ಲೈವುಡ್ ತುಂಡು ಏಳುನೂರರ ಆಸುಪಾಸು. ಮೇಲ್ಹೊದಿಕೆಗೆ ಅಕ್ರಿಲಿಕ್ ಹಾಕಿದ್ದು ಭಾವನ ಒಂದೇ ಜಿಗಿತಕ್ಕೆ ಬಿರಿಯಿತು, ಅಲ್ಲಿ ಸಾವಿರ ಹೋಯಿತು. ಆಮೇಲೆ ಅಂಗಡಿ ಬೋರ್ಡು ಬರೆಯುವವರ ಹತ್ತಿರ ಪಾಲಿಕಾರ್ಬೊನೇಟ್ ಉಳಿಕೆ ತುಂಡು, ಸುಮಾರು ಒಂಬೈನೂರು. ಕೀಬೋರ್ಡ್‌ಗಳು ಎಲ್ಲ ಸೇರಿ ನೂರೈವತ್ತು. ಡಬ್ಬಕ್ಕೆ ಹೋಟೆಲಿನವರು ದುಡ್ಡು ತೆಗೆದುಕೊಳ್ಳಲಿಲ್ಲ, ಕಾಫಿ ಕುಡಿಸಿ ಕಳಿಸಿದರು. ಹಾಳಾದದ್ದು ಬಿಟ್ಟರೆ ಎರಡೂವರೆ ಸಾವಿರದೊಳಗೆ. ಹಾಳಾದದ್ದೂ ಸೇರಿಸಿದರೆ ನಾಲ್ಕು ದಾಟಿರಬಹುದು. ಮನೆಯಲ್ಲಿ ಹೇಳಿದ್ದು ಮೊದಲಿನ ಲೆಕ್ಕ.

ಫ್ಲ್ಯಾಟಿನಲ್ಲಿ ಇರುವವರಿಗೆ ಇನ್ನೊಂದು ಮಾತು. ಪ್ಯಾಡಿನ ಕೆಳಗೆ ಜಿಮ್ಮಿನವರು ಹಾಸುವ ದಪ್ಪ ರಬ್ಬರ್ ಶೀಟ್ ಹಾಕದೆ ಶುರು ಮಾಡಬೇಡಿ. ನಮ್ಮ ಕೆಳಗಿನ ಮನೆಯ ಕಾಕೂ ಮೊದಲ ದಿನವೇ ಮೇಲೆ ಬಂದಿದ್ದರು. ಈಗ ರಾತ್ರಿ ಒಂಬತ್ತರ ಮೇಲೆ ಆಡುವುದಿಲ್ಲ ಎಂಬ ಒಪ್ಪಂದವಾಗಿದೆ. ಮುಂದಿನ ಕೆಲಸ ಇಬ್ಬರು ಆಡುವ ಎರಡನೇ ಪ್ಯಾಡ್. ಅದಕ್ಕೆ ಎರಡನೇ ಬೋರ್ಡ್ ಬೇಡ, ಅದೇ ಗೆರೆಯಲ್ಲಿ ಇನ್ನೂ ನಾಲ್ಕು ಅಕ್ಷರ ಖಾಲಿ ಇವೆ. ಎಣ್ಣೆ ಡಬ್ಬ ಎರಡು ಆಗಲೇ ಬಾಲ್ಕನಿಯಲ್ಲಿ ಕೂತಿವೆ.