ಫೋರ್ಟ್‌ಗೆ ಬಂದ್ರೆ ಹಾರ್ನಿಮನ್ ಸರ್ಕಲ್ ತೋಟದಲ್ಲಿ ಸ್ವಲ್ಪ ಕೂತ್ಕೊಳ್ಳಿ

ಬ್ಯಾಂಕ್ ಕೆಲಸಕ್ಕೋ ಆಫೀಸಿಗೋ ಮುಂಬೈನ ಫೋರ್ಟ್ ಕಡೆ ಬರುವವರು ನಮ್ಮಲ್ಲಿ ಜಾಸ್ತಿ ಇದ್ದಾರೆ. ಕೆಲಸ ಮುಗಿಸಿ ಸೀದಾ ಚರ್ಚ್‌ಗೇಟ್ ಸ್ಟೇಷನ್ನಿಗೆ ಓಡ್ತೀವಿ ಅಲ್ವಾ? ಮುಂದಿನ ಸಲ ಅರ್ಧ ಗಂಟೆ ಇಟ್ಕೊಳ್ಳಿ.

ಹುತಾತ್ಮ ಚೌಕದಿಂದ ವೀರ್ ನಾರಿಮನ್ ರಸ್ತೆಯಲ್ಲಿ ಪೂರ್ವಕ್ಕೆ ನಡೆಯಿರಿ, ಹತ್ತು ನಿಮಿಷ ಸಾಕು. ಕಮಾನುಗಳ ಹಳೇ ಕಟ್ಟಡಗಳು ಸುತ್ತ ನಿಂತಿವೆ, ನಡುವೆ ಕಬ್ಬಿಣದ ಬೇಲಿಯೊಳಗೆ ದುಂಡನೆಯ ತೋಟ. ಹೊರಗಿನಿಂದ ಮರಗಳಷ್ಟೇ ಕಾಣುತ್ತವೆ, ಅದಕ್ಕೇ ಎಷ್ಟೋ ಜನ ಒಳಗೆ ಹೋಗುವುದೇ ಇಲ್ಲ. ಒಳಗೆ ಕಾಲಿಟ್ಟರೆ ದಟ್ಟ ನೆರಳು. ಹಾರ್ನ್ ಸದ್ದು ಕೂಡ ದೂರ ಸರಿದಂತೆ ಅನ್ನಿಸುತ್ತದೆ.

ಈ ಜಾಗ ಮೊದಲು ಬಾಂಬೆ ಗ್ರೀನ್ ಅನ್ನುವ ಬಯಲು. ಹತ್ತಿ ವ್ಯಾಪಾರ ಇಲ್ಲೇ ನಡೆಯುತ್ತಿತ್ತು. 1872ರಲ್ಲಿ ತೋಟ ಪೂರ್ತಿಯಾಯಿತು, ಆಗ ಹೆಸರು ಎಲ್ಫಿನ್‌ಸ್ಟನ್ ಸರ್ಕಲ್. ಸ್ವಾತಂತ್ರ್ಯದ ನಂತರ ಬಾಂಬೆ ಕ್ರಾನಿಕಲ್ ಪತ್ರಿಕೆಯ ಸಂಪಾದಕ ಬೆಂಜಮಿನ್ ಹಾರ್ನಿಮನ್ ಹೆಸರಿಟ್ಟರು. ಇಂಗ್ಲಿಷರಾಗಿದ್ದೂ ನಮ್ಮ ಪರವಾಗಿ ಬರೆದವರು. ಅವರ ಹೆಸರು ಉಳಿದಿದೆ ಅನ್ನೋದು ನನಗೆ ತುಂಬ ಇಷ್ಟ.

ಮಕ್ಕಳಿದ್ದರೆ ಎದುರಿನ ಟೌನ್ ಹಾಲ್ ತೋರಿಸಿ. 1833ರದ್ದು, ಏಷ್ಯಾಟಿಕ್ ಸೊಸೈಟಿ ಗ್ರಂಥಾಲಯ ಅಲ್ಲೇ ಇದೆ. ಪಕ್ಕದಲ್ಲೇ 1718ರ ಸೇಂಟ್ ಥಾಮಸ್ ಕೆಥೆಡ್ರಲ್. ಹೊರಗಿನಿಂದ ಕೋಟೆಯೊಳಗಿನ ಈ ಚರ್ಚಿಗೆ ಬರಲು ಆಗ ಇದ್ದ ಬಾಗಿಲೇ ಚರ್ಚ್‌ಗೇಟ್!

ವಯಸ್ಸಾದ ಅಪ್ಪ ಅಮ್ಮನನ್ನು ಕರೆತರುವವರು ಭಾನುವಾರ ಬೆಳಿಗ್ಗೆ ಬನ್ನಿ. ಆಫೀಸುಗಳಿಗೆ ರಜೆ, ರಸ್ತೆ ದಾಟುವುದು ಸುಲಭ. ನೀರಿನ ಬಾಟಲಿ ಜೊತೆಗಿರಲಿ, ಕಸ ಮಾತ್ರ ದಯವಿಟ್ಟು ವಾಪಸ್ ತನ್ನಿ.